ಸಭೆಯಲ್ಲಿ ಅಮ್ಮನ ಬೈಗುಳ

ಶಾಲೆಯ ದೊಡ್ಡ ಕೋಣೆಯಲ್ಲಿ ಅಮ್ಮನ ಸಂತಾಪ ಸಭೆ ನಡೆದಿತ್ತು. ಆ ಕೋಣೆ ಕಟ್ಟಿಸಲು ಊರಿನವರ ಬೆನ್ನುಹತ್ತಿ ದುಡಿಸಿದವಳು ಅವಳೇ. ಕೊನೆಯಲ್ಲಿ ಮಗಳು ಮಾತಾಡಬೇಕಿತ್ತು. ಅಧ್ಯಕ್ಷರು ‘ತ್ಯಾಗಮಯಿ’ ಎಂದರು, ಹೆಡ್‌ಮಾಸ್ಟರು ‘ಶಾಂತಮೂರ್ತಿ’ ಎಂದರು. ಯಾರ ಮನೆಯ ಹೆಂಗಸಪ್ಪಾ ಇವಳು ಎಂದು ಮಗಳಿಗೆ ಗಾಬರಿಯಾಯಿತು. ಅಮ್ಮ ತೀರಿಕೊಂಡು ಇನ್ನೂ ವಾರವಾಗಿಲ್ಲ, ಆಗಲೇ ಗುರುತು ಸಿಗದಂತೆ ಮಾಡುತ್ತಿದ್ದಾರೆ. ತಾನೂ ಎದ್ದು ಅದನ್ನೇ ಹೇಳಿಬಿಟ್ಟರೆ ಅವಳು ಪೂರ್ತಿ ಹೋದಂತೆಯೇ.

ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಗಾರೆ ಕೆಲಸದವನು ಎದ್ದ.

“ಶಾಂತಮೂರ್ತಿನಾ? ಏನ್ ಮೇಷ್ಟ್ರೇ ನೀವು! ಇದೇ ಗೋಡೆಗೆ ಗಾರೆ ಮಾಡ್ತಿದ್ದಾಗ ಬಂದು, ‘ಏನೋ, ಗೋಡೆಗೆ ಪೌಡರ್ ಹಚ್ತಿದ್ದೀಯಾ? ಕೆರೆದು ಸರಿಯಾಗಿ ಮಾಡೋ’ ಅಂದ್ರು. ಮಾಡಿಸೇ ಬಿಟ್ರು.”

ಸಭೆ ಗೊಳ್ಳೆಂದು ನಕ್ಕಿತು.

“ನನಗೇನು ಕಮ್ಮೀನಾ?” ಎಂದರು ನರ್ಸಮ್ಮ. “ಲಸಿಕೆ ಹಾಕೋಕೆ ಸ್ವಲ್ಪ ತಡವಾಗಿ ಬಂದಿದ್ದಕ್ಕೆ, ‘ಬಾಮ್ಮಾ ಮಹಾರಾಣಿ, ಮೆರವಣಿಗೆ ಮುಗೀತಾ?’ ಅಂದ್ರು. ಆಮೇಲೆ ಅಳೋ ಮಕ್ಕಳನ್ನೆಲ್ಲ ಅವರೇ ತೊಡೆ ಮೇಲೆ ಕೂರಿಸ್ಕೊಂಡ್ರು.”

ಮಗಳ ಸರದಿ ಬಂತು. ಬರೆದು ತಂದಿದ್ದನ್ನು ಅವಳು ಬಿಚ್ಚಲಿಲ್ಲ.

“ಊರಿಗೆಲ್ಲ ಕೊಡೋಕೆ ನಿಂಗೆ ಹೊತ್ತಿದೆ, ನನಗೆ ಮಾತ್ರ ಇಲ್ವಾ ಅಂತ ಚಿಕ್ಕವಳಿದ್ದಾಗ ಅಮ್ಮನ ಹತ್ರ ಜಗಳ ಆಡಿದ್ದೆ. ಸಮಾಧಾನ ಗಿಮಾಧಾನ ಏನೂ ಇಲ್ಲ. ‘ಮೂತಿ ಊದಿಸ್ಕೊಂಡು ಕೂತ್ರೆ ಆಗಲ್ಲ, ಬಕೆಟ್ಟಿನ ಆ ಕಡೆ ಹಿಡ್ಕೋ’ ಅಂದ್ಲು. ಹಿಡ್ಕೊಂಡೆ. ಶಾಲೆಗೆ ಬಳಿಯೋಕೆ ಒಯ್ತಿದ್ದ ಸುಣ್ಣದ ನೀರು, ಭಾರಕ್ಕೆ ಕೈ ಬಿದ್ದೇ ಹೋಯ್ತು. ಆದ್ರೆ ದಾರಿಯುದ್ದಕ್ಕೂ ನನ್ನ ಜೊತೆಗೇ ಮಾತಾಡಿದ್ಲು.”

“ಹಾಂ, ಈಗ ಬಂದ್ಲು ನೋಡು ನಿಮ್ಮಮ್ಮ,” ಎಂದಳು ಪಕ್ಕದ ಮನೆಯ ಅಜ್ಜಿ, ಗಟ್ಟಿಯಾಗಿ.