ಹೌಸಿಂಗಿನ ಗೋಳು

ಎಪ್ಪತ್ತನಾಲ್ಕರ ಸಂಕ್ರಾಂತಿ ಮುಗಿದ ವಾರದಲ್ಲೇ ಏಕನಾಥರಾಯರ ಪಿಕಪ್ ಗಾಡಿ ಅಳಲು ಶುರು ಮಾಡಿತು. ಕುಂದಗೋಳ ಬಿಟ್ಟು ಹುಬ್ಬಳ್ಳಿ ದಾರಿ ಹಿಡಿದು ವೇಗ ಸ್ವಲ್ಪ ಏರಿದರೆ ಸಾಕು, ಹಿಂದಿನಿಂದ ಒಂದೇ ಸಮನೆ ಊಂ ಎಂಬ ಗೋಳು. ಹದಿನೈದು ದಿನ ಕಳೆಯುವುದರೊಳಗೆ ಪೇಟೆಯಲ್ಲಿ ನಿಧಾನಕ್ಕೆ ಹೋಗುವಾಗಲೂ ಅದು ನಿಲ್ಲದಾಯಿತು. ಪಕ್ಕದಲ್ಲಿ ಕೂತವನು ಕೂಗಿ ಮಾತಾಡಬೇಕು, ಕೇಳುವವನು ಕಿವಿ ಚಾಚಬೇಕು.

ಗಾಡಿ ಮಿಲಿಟರಿ ಹರಾಜಿನಿಂದ ಬಂದ ಮುದಿ ಗಾಡಿ. ರಾಯರ ಗಿರಣಿಯ ಕುಸುಬಿ ಎಣ್ಣೆಯ ಡಬ್ಬಿಗಳನ್ನು ಹುಬ್ಬಳ್ಳಿಗೆ ಮುಟ್ಟಿಸುವುದು, ಹಳ್ಳಿಗಳಿಂದ ಕುಸುಬಿ ಚೀಲ ಹೊತ್ತು ತರುವುದು ಅದರ ಕೆಲಸ. ಅದನ್ನು ಹನ್ನೊಂದು ವರ್ಷದಿಂದ ಓಡಿಸುತ್ತಿದ್ದವನು ಅಂದಾನೆಪ್ಪ. ಊರಾಚೆಯ ಕೇರಿಯವನು. ಆ ಕೇರಿಯಲ್ಲಿ ಡ್ರೈವರ್ ಎನಿಸಿಕೊಂಡವನು ಅವನೊಬ್ಬನೇ. ಅದರ ಹೆಮ್ಮೆ ಅವನಿಗಿತ್ತು, ಅವನಿಗಿಂತ ಹೆಚ್ಚು ಅವನ ಹೆಂಡತಿ ರಾಮವ್ವನಿಗಿತ್ತು.

ಗೋಳು ಎಲ್ಲಿಂದ ಬರುತ್ತಿದೆ ಎಂದು ಅವನು ಮೂರೇ ದಿನದಲ್ಲಿ ಹಿಡಿದ. ಇಳಿಜಾರಿನಲ್ಲಿ ಗೇರು ತೆಗೆದು ಸುಮ್ಮನೆ ಬಿಟ್ಟರೂ ಸದ್ದು ನಿಲ್ಲಲಿಲ್ಲ, ಹಾಗಾದರೆ ಗೇರ್‌ಬಾಕ್ಸ್ ಅಲ್ಲ. ತಿರುವಿನಲ್ಲಿ ಹೆಚ್ಚುಕಡಿಮೆ ಆಗಲಿಲ್ಲ, ಹಾಗಾದರೆ ಗಾಲಿಯ ಬೇರಿಂಗ್ ಅಲ್ಲ. ಗಾಡಿಯ ಕೆಳಗೆ ನುಸುಳಿ ಉದ್ದನೆಯ ಶಾಫ್ಟ್ ಹಿಡಿದು ಅಲ್ಲಾಡಿಸಿದ; ಜಾಯಿಂಟುಗಳು ಗಟ್ಟಿಯಾಗಿದ್ದವು. ಉಳಿದದ್ದು ಹಿಂದಿನ ಎರಡು ಗಾಲಿಗಳ ನಡುವಿನ ಹೌಸಿಂಗ್. ಇಂಜಿನ್ನಿನ ಜೋರನ್ನು ಗಾಲಿಗಳಿಗೆ ಹಂಚುವ ಹಲ್ಲಿನ ಚಕ್ರಗಳು ಆ ಕಬ್ಬಿಣದ ಗಡಿಗೆಯಲ್ಲಿ ಎಣ್ಣೆಯೊಳಗೆ ಮುಳುಗಿ ತಿರುಗುತ್ತವೆ. ದಸರೆಗೆ ತಿಂಗಳಿರುವಾಗ ತಾನೇ ಅದಕ್ಕೆ ಹೊಸ ಗೇರ್ ಆಯಿಲ್ ತುಂಬಿದ್ದನಲ್ಲ, ಇಷ್ಟು ಬೇಗ ಏನಾಯಿತು ಎಂಬುದೇ ಅವನಿಗೆ ತಿಳಿಯಲಿಲ್ಲ.

“ಹೌಸಿಂಗ್ ಬಿಚ್ಚಿ ನೋಡಬೇಕ್ರಿ ರಾಯರ,” ಎಂದು ಮೂರು ಸಲ ಹೇಳಿದ. ನಟ್ಟು ಬಿಚ್ಚುವ ಪಾನಾಗಳ ಪೆಟ್ಟಿಗೆಯ ಚಾವಿ ರಾಯರ ಜನಿವಾರದಲ್ಲಿತ್ತು. ಅವರು ಕೊಡಲಿಲ್ಲ. “ಗಾಡಿ ಸರಿ ಅದ. ನೀ ಓಡಸೂದು ಸರಿ ಇಲ್ಲ,” ಎಂದರು.

ನಾಲ್ಕನೆಯ ಸಲ ರಾಯರೇ ಪಾನಾ ಹಿಡಿದು ಬಂದರು. ತೂಕದ ಕಟ್ಟೆಯ ಮುಂದೆ ಇಪ್ಪತ್ತು ಮಂದಿ ರೈತರು ಚೀಲ ಇಳಿಸುತ್ತಿದ್ದರು. ರಾಯರು ಕುಕ್ಕರಗಾಲಲ್ಲಿ ಕೂತು ಹೌಸಿಂಗಿನ ಬಿರಡೆ ಬಿಚ್ಚಿ ಬೆರಳು ಹಾಕಿದರು. ಕರ್ರಗಿನ ಗೇರ್ ಆಯಿಲ್ ಬರಲಿಲ್ಲ. ಬೆರಳ ತುದಿಗೆ ಕಂದುಬಣ್ಣದ ಅಂಟು ಮೆತ್ತಿಕೊಂಡು ಬಂತು.

“ಇಷ್ಟು ಗೇರ್ ಆಯಿಲ್ ಹಾಕಿಸಿದ್ದೆ. ಎಲ್ಲಿ ಹೋತೋ ಅದು? ಎಲ್ಲಿ ಮಾರಿದಿ?”

“ನಾ ಮುಟ್ಟಿಲ್ರಿ ರಾಯರ. ಮಕ್ಕಳಾಣಿ ಮುಟ್ಟಿಲ್ರಿ.”

“ಎಣ್ಣಿ ಕದಿಯೂ ಮಗನ್ನ ಎಣ್ಣಿ ಗಾಡಿ ಮ್ಯಾಲೆ ಇಟ್ಕೊಂಡೆನಲ್ಲ, ನನಗ ಬುದ್ಧಿಯಿಲ್ಲ,” ಎಂದು ರಾಯರು ರೈತರ ಕಡೆ ತಿರುಗಿ ಹೇಳಿದರು. ಒಬ್ಬಿಬ್ಬರು ನಕ್ಕರು. ಗಾಡಿ ರಿಪೇರಿ ಮಾಡಿಸಿ ತಂದು ನಿಲ್ಲಿಸಿ ನಿನ್ನ ದಾರಿ ನೋಡಿಕೋ ಎಂಬ ಅಪ್ಪಣೆಯೂ ಅಲ್ಲೇ ಆಯಿತು.

ಕೆಲಸ ಹೋದರೆ ಇನ್ನೊಂದು ಸಿಗುತ್ತಿತ್ತೇನೋ. ಆದರೆ ಕೇರಿಯವನೊಬ್ಬನಿಗೆ ಕಳ್ಳ ಎಂಬ ಹೆಸರು ಬಿದ್ದರೆ ಆ ಸೀಮೆಯಲ್ಲಿ ಯಾವ ಸಾಹುಕಾರನೂ ಗಾಡಿಯ ಚಾವಿ ಕೈಗೆ ಕೊಡುವುದಿಲ್ಲ. ಬೇರೆಯವರು ಕದ್ದರೆ ಒಬ್ಬ ಕದ್ದ ಎನ್ನುತ್ತಾರೆ, ಇವನು ಕದ್ದರೆ ಕೇರಿಗೆ ಕೇರಿಯೇ ಕದ್ದಂತೆ. ಅವತ್ತು ಅಂದಾನೆಪ್ಪ ಮನೆಯಲ್ಲಿ ರೊಟ್ಟಿ ಮುರಿಯಲಿಲ್ಲ.

ಮರುದಿನ ಬಸ್‌ಸ್ಟ್ಯಾಂಡಿನ ಹಿಂದಿನ ಮಿಸ್ತ್ರಿ ಮೈಲಾರಪ್ಪನ ಹತ್ತಿರ ಗಾಡಿ ಒಯ್ದ. ಮೈಲಾರಪ್ಪ ಹಿಂದಿನ ಗಾಲಿಗಳನ್ನು ಜಾಕಿನ ಮೇಲೆತ್ತಿ, ಗೇರು ಹಾಕಿಸಿ, ಉದ್ದನೆಯ ಸ್ಕ್ರೂಡ್ರೈವರಿನ ಕಟ್ಟಿಗೆ ಹಿಡಿಕೆಯನ್ನು ಕಿವಿಗೊತ್ತಿ ಅದರ ತುದಿಯನ್ನು ಹೌಸಿಂಗಿಗೆ ಮುಟ್ಟಿಸಿದ. “ಹೌಸಿಂಗಿನ ಮುಂದಿನ ಬೇರಿಂಗ್ ಸವದೈತಿ,” ಎಂದ. ಇಬ್ಬರೂ ಸೇರಿ ಹೌಸಿಂಗ್ ಬಿಚ್ಚಿದರು. ಹಲ್ಲುಹಲ್ಲಿಗೂ ಬೆಲ್ಲದ ಪಾಕದಂಥ ಅಂಟು ಹತ್ತಿತ್ತು. ಬೇರಿಂಗಿಗೆ ಎಣ್ಣೆ ಹೋಗುವ ದಾರಿಯೇ ಕಟ್ಟಿಹೋಗಿತ್ತು.

“ಇದು ಗೇರ್ ಆಯಿಲ್ ಅಲ್ಲೋ ತಮ್ಮಾ,” ಎಂದ ಮೈಲಾರಪ್ಪ. ಒಂದಿಷ್ಟು ಅಂಟನ್ನು ಡಬ್ಬಿಯ ಮುಚ್ಚಳಕ್ಕೆ ಕೆರೆದು ಸ್ಟೋವಿನ ಮೇಲೆ ಹಿಡಿದ. ಬಿಸಿಯಾಗುತ್ತಲೇ ಮೆಣಸಿನಕಾಯಿ ಭಜಿ ಕರಿಯುವ ಬಾಣಲೆಯ ವಾಸನೆ ಎದ್ದಿತು. ಕುಸುಬಿ ಎಣ್ಣೆ.

ಅಂದಾನೆಪ್ಪನಿಗೆ ಎಲ್ಲವೂ ಆಗ ತಿಳಿಯಿತು. ದಸರೆಯ ಖಂಡೇನವಮಿಯ ದಿನ ಗಾಡಿಗೆ ಪೂಜೆ. ಬೆಳಗ್ಗೆ ಅವನೇ ಗಾಡಿ ತೊಳೆದು ಅಂಗಳದಲ್ಲಿ ನಿಲ್ಲಿಸಬೇಕು. ಆಮೇಲೆ ಅದು ಮಡಿ. ವರ್ಷವಿಡೀ ಅವನ ಬೆವರು ಕುಡಿದ ಸ್ಟೇರಿಂಗನ್ನು ಆ ದಿನ ಅವನು ಮುಟ್ಟುವಂತಿಲ್ಲ, ಗೇಟಿನ ಒಳಗೂ ಬರುವಂತಿಲ್ಲ. ಚಕ್ಕಡಿಗಳ ಕಾಲದಿಂದ ಆ ಮನೆಯ ಯಜಮಾನ ಮಡಿಯುಟ್ಟು ಅಚ್ಚಿಗೆ ಮನೆಯ ಎಣ್ಣೆ ಎರೆಯುವ ಪದ್ಧತಿ. ಗಾಡಿ ಬಂದಮೇಲೆ ಗಾಲಿಯ ಮೇಲೊಂದು ಬೊಟ್ಟು ಹಚ್ಚುತ್ತಿದ್ದರು. ಈ ಸಲ ಪದ್ಧತಿಯನ್ನು ಸರಿಯಾಗಿಯೇ ನಡೆಸಿದ್ದಾರೆ: ಒಳಗಿನ ಕರಿ ಎಣ್ಣೆ ಮೈಲಿಗೆಯೆಂದು ಚೆಲ್ಲಿ, ಗಿರಣಿಯ ಎಣ್ಣೆ ತುಂಬಿದ್ದಾರೆ. ಪೂಜೆಯಲ್ಲಿ ಚೆಲ್ಲಿದ್ದೂ ಎರೆದದ್ದೂ ರಾಯರ ಲೆಕ್ಕದಲ್ಲಿ ಪೂಜೆ; ಆಯಿಲ್ ಎಲ್ಲಿ ಹೋಯಿತೆಂದು ಕೇಳುವಾಗ ಅದು ಅವರ ನೆನಪಿಗೇ ಬಂದಿಲ್ಲ. ಗಿರಣಿಯ ಎಣ್ಣೆ ಹೌಸಿಂಗಿನಲ್ಲೇ ಕುದ್ದು ಅಂಟಾಗುತ್ತದೆಂದು ಅವರ ತಲೆಗೇ ಹೊಳೆದಿಲ್ಲ.

ಎರಡು ದಿನ ಕೂತು ಅಂದಾನೆಪ್ಪ ಸೀಮೆಎಣ್ಣೆಯಲ್ಲಿ ಒಂದೊಂದೇ ಹಲ್ಲು ತೊಳೆದ. ಮೈಲಾರಪ್ಪ ಬೇರಿಂಗ್ ಬದಲಿಸಿ, ಹಲ್ಲಿಗೆ ಹಲ್ಲು ಕೂರಿಸಿ, ಗೇರ್ ಆಯಿಲ್ ತುಂಬಿದ. ಗಾಡಿ ಹೊಸದರಂತೆ ಓಡಿತು. ಕೆರೆದ ಅಂಟನ್ನು ಡಬ್ಬಿಯಲ್ಲಿ ಹಾಕಿಕೊಂಡು ಅಂದಾನೆಪ್ಪ ರಾಯರ ಮನೆಗೆ ಹೋಗಿ, ಅದನ್ನೂ ಗಾಡಿಯ ಚಾವಿಯನ್ನೂ ಮೆಟ್ಟಿಲ ಕೆಳಗಿಟ್ಟು ದೂರ ನಿಂತ.

ರಾಯರು ಬಾಯಿ ತೆಗೆಯುವ ಮೊದಲೇ ಅವರ ತಾಯಿ ಸರಸ್ವತೀಬಾಯಿ ಬಗ್ಗಿ ಮೂಸಿದರು. “ಇದು ನಮ್ಮ ಗಿರಣಿ ಎಣ್ಣಿ ಅಲ್ಲೇನೋ ಏಕಾ? ಹಬ್ಬದ ದಿನ ನೀನ ತಂಬಿಗಿಲೆ ಹಾಕಿದ್ಯಲ್ಲ?”

ರಾಯರ ಮುಖ ಹುಳ್ಳಗಾಯಿತು. ತಾಯಿಯತ್ತ ಒಮ್ಮೆ ನೋಡಿದರು; ಸರಸ್ವತೀಬಾಯಿ ಒಳಗೆ ಹೋದರು. ರಾಯರು ಕೆಟ್ಟವರೇನಲ್ಲ. ಕೆಟ್ಟವರಾಗಿದ್ದರೆ ಅಂದಾನೆಪ್ಪ ಬೈದುಕೊಂಡಾದರೂ ಹಗುರಾಗುತ್ತಿದ್ದ.

“ಹೋಗ್ಲಿ ಬಿಡು, ತಪ್ಪು ಆಗ್ಯದ. ನಾಳೆಯಿಂದ ಕೆಲಸಕ್ಕ ಬಾ,” ಎಂದರು.

“ಬರ್ತೇನ್ರಿ. ತೂಕದ ಕಟ್ಟಿ ಮುಂದ ಒಂದ ಮಾತು ಹೇಳ್ರಿ. ಅಂದಾನೆಪ್ಪ ಕದ್ದಿಲ್ಲ ಅಂತ, ಅಷ್ಟ.”

“ಹಂಗಂದ್ರ ಎಣ್ಣಿ ಏನಾತು ಅಂತ ಕೇಳ್ತಾರಲ್ಲೋ. ನಮ್ಮ ಎಣ್ಣಿ ಅಂಟಾಗಿ ಗಾಡಿ ಕೆಡಸ್ತು ಅಂತ ಊರ ಮುಂದ ನಾನ ಹೇಳ್ಲೇನು? ನಾಳೆ ಯಾರು ತೊಗೋತಾರ ನನ್ನ ಎಣ್ಣಿ?”

“ನನ್ನ ಹೆಸರಿನ ಗತಿ ಏನ್ರಿ ರಾಯರ?”

“ನಾಕ ದಿನ ಅಂತಾರ, ಮರೀತಾರ. ನನಗ ಗೊತ್ತದಲ್ಲ ನೀ ಕದ್ದಿಲ್ಲಂತ? ಸಾಕಲ್ಲ?”

ಸಾಕಾಗಿರಲಿಲ್ಲ. ಡಬ್ಬಿ ಹೊತ್ತು ತಾನೇ ಊರೆಲ್ಲ ತಿರುಗಲೇ ಎಂದುಕೊಂಡ. ಕೇರಿಯವನು ರಾಯರ ಪೂಜೆಯ ಎಣ್ಣೆಯ ಮೇಲೆ ದೂರು ಹೊತ್ತು ಹೋದರೆ ಯಾರು ನಂಬುತ್ತಾರೆ? ನಂಬಿದರೂ ಯಾರು ಹೂಂ ಎನ್ನುತ್ತಾರೆ? ರಾಯರು ಗಾಡಿಯ ಚಾವಿ ಎತ್ತಿಕೊಂಡು ಮೇಲಿನಿಂದ ಬಿಟ್ಟರು; ಅವನ ಬೊಗಸೆ ತಾನಾಗಿ ಚಾಚಿತ್ತು. ಚಾಚಿದ ಕೈಯ ಮೇಲೆ ಅವನಿಗೆ ಅಸಹ್ಯ ಹುಟ್ಟಿತು.

ಮರುದಿನ ಹದಿನಾರು ಡಬ್ಬಿ ಹೇರಿಕೊಂಡು ಪೇಟೆಯ ನಡುವೆ ಹೊರಟ. ಹೌಸಿಂಗಿನ ಗೋಳಿಲ್ಲ. ಇಂಜಿನ್ನಿನ ಸಣ್ಣ ಗುರುಗುರು ಅಷ್ಟೇ. ಎದುರು ಚಕ್ಕಡಿ ಬಂದದ್ದರಿಂದ ಗೂಳಪ್ಪನ ಚಹಾದಂಗಡಿಯ ಮುಂದೆ ನಿಧಾನ ಮಾಡಬೇಕಾಯಿತು. ಹನ್ನೊಂದು ವರ್ಷ ಅವನ ಪ್ರತ್ಯೇಕ ಬಸಿಗೆ ಮೇಲಿನಿಂದ ಚಹಾ ಸುರಿದ ಗೂಳಪ್ಪ, ಸಿಟ್ಟಿಲ್ಲದೆ, ದಿನಾ ಹೇಳುವ ಮಾತಿನಂತೆ ಹೇಳಿದ: “ಬಾಜು ಸರೀರ್ಲೇ, ಎಣ್ಣಿ ಕಳ್ಳನ ಗಾಡಿ ಬಂತು.”

“ಮತ್ತ ಇಟ್ಕೊಂಡ್ರಲ್ಲಪಾ! ರಾಯರ ಮನಸು ದೊಡ್ಡದು,” ಎಂದಿತು ಒಳಗಿನಿಂದ ಇನ್ನೊಂದು ದನಿ.

ಅಂದಾನೆಪ್ಪ ಆಕ್ಸಿಲರೇಟರ್ ಒತ್ತಿದ. ಹಿಂದಿನಿಂದ ಏನಾದರೂ ಸದ್ದು ಏಳಲಿ, ಈ ಮಾತುಗಳನ್ನು ಮುಳುಗಿಸಲಿ ಎಂದು ಕಾಲು ತುಳಿದೇ ಇದ್ದ. ಏನೂ ಏಳಲಿಲ್ಲ. ರಿಪೇರಿ ಅಷ್ಟು ಚೆನ್ನಾಗಿ ಆಗಿತ್ತು; ಪೇಟೆ ದಾಟುವವರೆಗೂ ಒಂದೊಂದು ಮಾತೂ ಅವನಿಗೆ ಸ್ಪಷ್ಟವಾಗಿ ಕೇಳಿಸಿತು.