ಹೆಬ್ಬೆಟ್ಟಿಡುವ ಜಾಗ

ಕಾರ್ಖಾನೆಯ ರಿಪೇರಿ ವಿಭಾಗದ ಹೊರಕೋಣೆಯಲ್ಲಿ ಕೂತವರ ತೊಡೆಯ ಮೇಲೆಲ್ಲ ಒಂದೊಂದು ಏರ್‌ಗನ್ ಮಲಗಿತ್ತು. ಆಸ್ಪತ್ರೆಯಲ್ಲಿ ಜ್ವರದ ಮಗುವನ್ನು ಮಲಗಿಸಿಕೊಂಡು ಸರದಿ ಕಾಯುತ್ತಾರಲ್ಲ, ಥೇಟ್ ಹಾಗೆ. ನಮ್ಮದನ್ನು ಅತ್ತಿಗೆ ಹಳೆಯ ಹೊದಿಕೆಯಲ್ಲಿ ಸುತ್ತಿ ಅಪ್ಪಿ ಹಿಡಿದಿದ್ದಳು. ಪ್ರೀತಿಯಿಂದಲ್ಲ, ಕಳ್ಳನನ್ನು ಹಿಡಿದು ತಂದವರು ಅವನ ಕಾಲರ್ ಬಿಡುವುದಿಲ್ಲವಲ್ಲ, ಹಾಗೆ. ಅಣ್ಣ ಒಂದು ಕುರ್ಚಿ ಬಿಟ್ಟು ಆಚೆ ಕೂತಿದ್ದ. ಅವನ ಬಲಗೈ ಜೇಬಿನಲ್ಲಿತ್ತು. ಹೆಬ್ಬೆರಳಿನ ತುದಿಗಂಟು ಹೋದಂದಿನಿಂದ ಆ ಕೈಗೆ ಜೇಬೇ ಮನೆ.

ಅಣ್ಣ ಅತ್ತಿಗೆ ಇಬ್ಬರೂ ಕಡಲ ದಂಡೆಯಲ್ಲಿ ಬಲೂನಿಗೆ ಗುರಿ ಹೊಡೆಯುವ ಅಂಗಡಿ ಇಟ್ಟವರು. ಹಲಗೆಗೆ ಸಾಲಾಗಿ ಬಲೂನು ಕಟ್ಟುವುದು, ಬಂದವರ ಕೈಗೆ ಏರ್‌ಗನ್ ಕೊಡುವುದು, ಒಡೆದರೆ ಶಿಳ್ಳೆ ಹಾಕುವುದು, ತಪ್ಪಿದರೆ "ಗಾಳಿ ಜಾಸ್ತಿ ಇತ್ತು ಬಿಡಿ ಸಾರ್" ಅನ್ನುವುದು. ಗುಂಡು ತುಂಬುವ ಕೆಲಸ ಮಾತ್ರ ಅಣ್ಣನದು. ಗಿರಾಕಿಗಳಿಗೆ ಅದನ್ನು ಬಿಟ್ಟವನೇ ಅಲ್ಲ. ನಳಿಗೆಯನ್ನು ಎಡಗೈಯಲ್ಲಿ ಹಿಡಿದು ಕೆಳಕ್ಕೆ ಬಗ್ಗಿಸಿದರೆ ಒಳಗಿನ ದಪ್ಪ ಸ್ಪ್ರಿಂಗು ಹಿಂದೆ ಸರಿದು ಕಟಕ್ ಎಂದು ಕಚ್ಚಿಕೊಳ್ಳುತ್ತದೆ. ಆಗ ನಳಿಗೆಯ ಬುಡದ ತೂತು ಕಾಣುತ್ತದೆ. ಕಡಲೆಕಾಳಿಗಿಂತ ಸಣ್ಣ ಸೀಸದ ಗುಂಡನ್ನು ಅದರೊಳಗೆ ಹೆಬ್ಬೆಟ್ಟಿನಿಂದ ಒತ್ತಿ ಕೂರಿಸಿ ನಳಿಗೆ ಮುಚ್ಚಬೇಕು. ಅಣ್ಣ ಇದನ್ನು ಯಾರೊಂದಿಗೋ ಹರಟುತ್ತ, ಎತ್ತಲೋ ನೋಡುತ್ತ ಮಾಡುತ್ತಿದ್ದ. ನಾವು ಅಂಗಿ ಗುಂಡಿ ಹಾಕಿಕೊಳ್ಳುವಾಗ ನೋಡುತ್ತೇವೆಯೇ?

ಹೊಸ ಮಾಡೆಲ್ ಬಂದ ವಾರದಲ್ಲೇ, ಅವನ ಹೆಬ್ಬೆಟ್ಟು ಆ ತೂತಿನ ಮೇಲಿದ್ದಾಗಲೇ, ಕಚ್ಚಿಕೊಂಡಿದ್ದ ಸ್ಪ್ರಿಂಗು ಬಿಟ್ಟುಕೊಂಡಿತು. ನಳಿಗೆ ಎಡಗೈಯನ್ನು ಕಿತ್ತುಕೊಂಡು ಮೇಲಕ್ಕೆ ಹಾರಿ ಮುಚ್ಚಿತು. ಮಿಕ್ಕದ್ದನ್ನು ಬರೆಯಲು ನನಗಿಷ್ಟವಿಲ್ಲ.

ಅತ್ತಿಗೆ ಆ ಏರ್‌ಗನ್ನನ್ನು ಕಾರ್ಖಾನೆಗೆ ಕಳಿಸಿದಳು. ಅದು ಹೊಳೆಹೊಳೆಯುತ್ತ ವಾಪಸ್ಸು ಬಂತು. "ಪರೀಕ್ಷಿಸಲಾಯಿತು, ದೋಷವಿಲ್ಲ. ಬಳಸಿದವರು ಟ್ರಿಗರ್ ಒತ್ತಿರುತ್ತಾರೆ" ಎಂದು ಫೋನಿನಲ್ಲಿ ಒಬ್ಬಳು ಹುಡುಗಿ ಹಾಡಿದ ಹಾಗೆ ಹೇಳಿದಳಂತೆ.

ಅತ್ತಿಗೆಗೆ ಸಿಟ್ಟು ಬಂದದ್ದು ಅದಕ್ಕಲ್ಲ. ಅಣ್ಣ ಆ ಮಾತನ್ನು ನಂಬಿಬಿಟ್ಟ. ಊಟದ ನಡುವೆ ಎದ್ದು, ಮೂಲೆಯಲ್ಲಿದ್ದ ಛತ್ರಿಯನ್ನು ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡು, "ನೋಡೇ, ಈ ಬೆರಳು ಇಲ್ಲಿತ್ತು. ಟ್ರಿಗರ್ ಮೇಲೆ ಇರ್ಲಿಲ್ಲ. ಇತ್ತೇನೋ. ನೀನು ನೋಡಿದ್ಯಾ?" ಎಂದು ಕೇಳುವನು. ಅಕ್ಕಪಕ್ಕದ ಅಂಗಡಿಯವರಿಗೆಲ್ಲ "ಕೈ ಜಾರ್ತು ಕಣ್ರಯ್ಯ, ನಂದೇ ತಪ್ಪು" ಎಂದು ತಾನೇ ಹೇಳಿಕೊಂಡು ಬಂದ. ಏರ್‌ಗನ್ ಮುಟ್ಟುವುದನ್ನೇ ಬಿಟ್ಟ. ಬಲೂನು ಕಟ್ಟುವವಳೂ ಅತ್ತಿಗೆ, ಗುಂಡು ತುಂಬುವವಳೂ ಅತ್ತಿಗೆ. ಅವನು ಹಿಂದೆ ಸ್ಟೂಲಿನ ಮೇಲೆ ಕೂತು ಬಲೂನು ಊದುತ್ತಿದ್ದ, ಅಷ್ಟೆ. ಗಂಟು ಹಾಕಲು ಹೆಬ್ಬೆಟ್ಟು ಬೇಕಲ್ಲ.

ನಂಬಲು ಅವನಿಗೆ ಒಂದು ಕಾರಣವೂ ಇತ್ತು. ಬಹಳ ಹಿಂದೆ, ಈ ಕಂಪನಿ ಇನ್ನೂ ಹಳೆಯ ಯಜಮಾನರ ಕೈಯಲ್ಲಿದ್ದಾಗ, ಸ್ಪ್ರಿಂಗು ಕಿರುಗುಟ್ಟುತ್ತದೆಂದು ಅಣ್ಣ ಏರ್‌ಗನ್ನಿನೊಳಗೆ ಅಡುಗೆ ಎಣ್ಣೆ ಸುರಿದಿದ್ದ. ಒಳಗಿನ ಬಿಸಿಗಾಳಿಗೆ ಎಣ್ಣೆ ಹೊತ್ತಿಕೊಂಡು ಢಮ್ಮೆಂದಿತು. ಅಂಗಡಿ ತುಂಬ ಹೊಗೆ. ಇದೇ ಕಾರ್ಖಾನೆಗೆ ತಂದಿದ್ದೆವು. ಯಜಮಾನರೇ ಬಂದು, ನಳಿಗೆ ಮೂಸಿ, "ಏನಪ್ಪಾ, ಇದ್ರಲ್ಲಿ ಏನು ಕರೀತಿದ್ದೆ?" ಎಂದು ಕೇಳಿದರು. ಚೆನ್ನಾಗಿ ಬೈದರು. ಬೈದು, ಚಹಾ ತರಿಸಿ, ರಿಪೇರಿ ಮಾಡಿಸಿ, ಕೊನೆಗೆ ಹೇಳಿದ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ: "ಎಣ್ಣೆ ಹುಯ್ದಿದ್ದು ನಿನ್ನ ತಪ್ಪು. ಹುಯ್ಯಬಾರ್ದು ಅಂತ ಗನ್ ಮೇಲೆ ಬರೀದೇ ಇದ್ದಿದ್ದು ನಮ್ಮ ತಪ್ಪು." ಆಮೇಲೆ ಬಂದ ಏರ್‌ಗನ್ನುಗಳ ಮೇಲೆಲ್ಲ ಅದನ್ನು ಅಚ್ಚು ಹಾಕಿಸಿದ್ದರು, ಪುಣ್ಯಾತ್ಮರು. ಅವರು ಹೋದ ಮೇಲೆ ಕಂಪನಿ ಕೈ ಬದಲಾಯಿತು. ಗೇಟಿನ ಮೇಲಿನ ಹದ್ದಿನ ಗುರುತು ಮಾತ್ರ ಅದೇ ಉಳಿಯಿತು. ನಾವು ಆ ಹದ್ದನ್ನೇ ನಂಬಿ ಈ ಹೊಸ ಮಾಡೆಲ್ ಕೊಂಡೆವು.

"ಕಂಪನಿಯವ್ರೇ ಇವರ ಮುಖಕ್ಕೆ ಹೇಳ್ಬೇಕು, ನಿಮ್ಮ ತಪ್ಪಲ್ಲ ಅಂತ. ನಾನು ಹೇಳಿದ್ರೆ ಹೆಂಡ್ತಿ ಸಮಾಧಾನ ಹೇಳ್ತಾಳೆ ಅಂದ್ಕೋತಾರೆ" ಎಂದು ಅತ್ತಿಗೆ ಅವನನ್ನು ಎಳೆದು ತಂದಿದ್ದಳು. ನಾನು ಬಸ್ಸಿನಲ್ಲಿ ಕಂಡಕ್ಟರ್. "ನೀನೂ ಬಾ, ನಿಂಗೆ ಕೂಗಿ ಅಭ್ಯಾಸ ಇದೆ" ಎಂದು ನನ್ನನ್ನೂ ಹೊರಡಿಸಿದ್ದಳು.

ಹೊರಕೋಣೆಯಲ್ಲಿ ಮಾತಿಗೇನೂ ಬರವಿರಲಿಲ್ಲ. ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಏರ್‌ಗನ್ ಎಡಕ್ಕೇ ಹೊಡೆಯುತ್ತದೆಂದು ದೂರು ಕೊಟ್ಟರೆ, ಕಣ್ಣು ತೋರಿಸಿಕೊಳ್ಳಿ ಎಂದರಂತೆ. "ತೋರಿಸ್ದೆ ಕಣಮ್ಮ. ಕನ್ನಡಕ ಹೊಸ್ದು ಬಂತು, ಗುಂಡು ಮಾತ್ರ ಎಡಕ್ಕೇ ಹೋಗ್ತಿದೆ."

"ನಿಮ್ದೇ ವಾಸಿ ಮೇಷ್ಟ್ರೇ" ಎಂದ ಬೇಕರಿಯವನು. ರಿಪೇರಿಗೆ ಕೊಟ್ಟಿದ್ದು ಅವನ ಗನ್ನಂತೆ, ಹಿಂದೆ ಬಂದಾಗ ಮರದ ಹಿಡಿ ಬೇರೆ ಯಾರದೋ. "ಅದ್ರ ಮೇಲೆ ಯಾವಳದೋ ಹೆಸ್ರು ಕೆತ್ತಿ ಸುತ್ತ ಹೂವು ಬಿಡ್ಸಿದಾರೆ. ನನ್ನ ಹೆಂಡ್ತಿ ಮೂರು ಹೊತ್ತೂ ಒಂದೇ ಪ್ರಶ್ನೆ, ಯಾರು ಇವ್ಳು ಅಂತ. ಕಂಪನಿಯವ್ರು ಬಂದು ಉತ್ತರ ಕೊಡ್ತಾರಾ?"

ಎದುರು ಕೂತ ತಾಯಿ ನಕ್ಕಳು. ಪಕ್ಕದಲ್ಲಿ ಜಡೆ ಹಾಕಿದ ಮಗಳು, ಸ್ಪರ್ಧೆಗಳಲ್ಲಿ ಗುರಿ ಹೊಡೆಯುವವಳು. ಅವಳ ಮೊದಲ ಏರ್‌ಗನ್ನನ್ನು ಮಾಡಿಕೊಟ್ಟವಳು ಬೇರೆ ಊರಿನ ಒಬ್ಬ ಹೆಂಗಸಂತೆ. "ಸ್ಪರ್ಧೆ ಹತ್ರ ಬಂದಾಗ ವಾಷರ್ ಹೋಯ್ತು. ಫೋನ್ ಮಾಡಿದ್ರೆ, ಸ್ಪರ್ಧೆ ಎಲ್ಲಿ ಅಂತ ಮಾತ್ರ ಕೇಳಿದ್ಲು. ಬೆಳಗಾಗೋದ್ರಲ್ಲಿ ಆಯಮ್ಮನೇ ವಾಷರ್ ಹಿಡ್ಕೊಂಡು ಮೈದಾನದಲ್ಲಿ ನಿಂತಿದಾಳೆ!"

"ಅಂಥವ್ಳನ್ನ ಬಿಟ್ಟು ಇಲ್ಲಿಗ್ಯಾಕೆ ಬಂದ್ರಿ?" ನಾನು ಕೇಳಿದೆ.

"ಒಂದು ಗನ್ ಮಾಡೋಕೆ ಆಯಮ್ಮ ವರ್ಷ ತಗೋತಾಳೆ. ಅಷ್ಟ್ರಲ್ಲಿ ಇವ್ಳು ಬೆಳ್ದುಬಿಡ್ತಾಳೆ. ಇಲ್ಲಾದ್ರೆ ಕೇಳಿದ್ ದಿನ ಸಿಗತ್ತೆ" ಎಂದು ಮಗಳ ತೊಡೆಯ ಮೇಲಿದ್ದುದನ್ನು ತೋರಿಸಿದಳು. ನಮ್ಮದೇ ಮಾಡೆಲ್. ಅಣ್ಣ ಅದನ್ನು ನೋಡಿ ಮುಖ ತಿರುಗಿಸಿಕೊಂಡ.

ಒಳಗೆ ಕರೆದರು. ಮ್ಯಾನೇಜರನ ಕೋಣೆ ತಣ್ಣಗಿತ್ತು. ಒಂದು ಕಡೆಯ ಗೋಡೆ ಪೂರ್ತಿ ಗಾಜು. ಆಚೆ ಪರೀಕ್ಷೆ ಮಾಡುವ ಕೋಣೆ, ಉದ್ದದ ಮೇಜು, ನೀಲಿ ಅಂಗಿಯ ಕೆಲಸಗಾರ. ಮ್ಯಾನೇಜರ್ ಒಳ್ಳೆಯ ಮಾತಿನವನು. ಸಿಟ್ಟು ಹತ್ತಿಸಲು ಅಷ್ಟು ಸಾಕಾಗಿತ್ತು.

"ನಿಮ್ಮ ನೋವು ನಮಗೆ ಅರ್ಥ ಆಗತ್ತೆ ಅಮ್ಮಾ. ಆದ್ರೆ ಗನ್‌ನ ಎಷ್ಟೋ ಸಲ ಬಗ್ಗಿಸಿ ನೋಡಿದೀವಿ. ಒಂದ್ಸಲಾನೂ ಬಿಟ್ಕೊಂಡಿಲ್ಲ."

"ಇವರು ಸಾವಿರ ಸಲ ಬಗ್ಗಿಸಿದಾರೆ. ಒಂದ್ಸಲ ಬಿಟ್ಕೊಂಡಿದ್ದಕ್ಕೇ ಇಲ್ಲಿ ಕೂತಿದೀವಿ" ಎಂದಳು ಅತ್ತಿಗೆ.

"ಅದೇ ಅಮ್ಮಾ, ಅಭ್ಯಾಸ ಜಾಸ್ತಿ ಆದೋರೇ ಮೈ ಮರೀತಾರೆ. ಹಿಂದೆ ಒಂದ್ಸಲ ಎಣ್ಣೆ ಹಾಕಿದ್ರಂತಲ್ಲ?"

ಅಣ್ಣ ತಲೆ ತಗ್ಗಿಸಿದ. ಅದನ್ನು ಫೋನಿನ ಹುಡುಗಿಗೆ ಹೇಳಿದ್ದವನೂ ಅವನೇ, ಯಾರೂ ಕೇಳದೆ.

"ಎಣ್ಣೆಗೂ ಬೆರಳಿಗೂ ಏನ್ರೀ ಸಂಬಂಧ?" ನನ್ನ ಗಂಟಲು ಬಸ್ಸಿನ ಗಂಟಲಾಯಿತು. "ನಾನು ಚಿಕ್ಕೋಳಿದ್ದಾಗ ಮಾವಿನ್ಕಾಯಿ ಕದ್ದಿದ್ದೆ, ಇವತ್ತು ನಿಮ್ಮ ಪೆನ್ನು ಕಳೆದ್ರೆ ನಂಗೆ ಕೋಳ ಹಾಕ್ತೀರಾ?"

ಮ್ಯಾನೇಜರ್ ಮುಗುಳ್ನಕ್ಕ. "ಜಗಳ ಯಾಕೆ? ಕಂಪನಿ ಒಂದು ಹೊಸ ಗನ್ ಕೊಡತ್ತೆ. ಇದೇ ಮಾಡೆಲ್. ನೀವು ಇಲ್ಲೊಂದು ಸಹಿ ಹಾಕಿ, ಗಾಯ ಸ್ವಂತ ಅಜಾಗರೂಕತೆಯಿಂದ ಆಗಿದ್ದು ಅಂತ. ಅಷ್ಟೇ."

"ಕೈ ಮುರಿದು ಕೈಗೇ ಕೊಡ್ತೀರಾ?" ಅತ್ತಿಗೆ ಎದ್ದು ನಿಂತಳು. "ಇವರ ಬೆರಳು ತಿಂದಿದ್ದೂ ಅಲ್ದೆ ಇವರ ಬಾಯಿಂದಾನೇ..."

"ಬಿಡೇ" ಎಂದ ಅಣ್ಣ. "ಕೊಡಿ ಸಾರ್. ಹಾಕ್ತೀನಿ. ನಂದೇ ತಪ್ಪಿರ್ಬೇಕು. ಮನೆಗೆ ಹೋಗೋಣ."

ಅವನು ಜೇಬಿನಿಂದ ಕೈ ತೆಗೆದ. ಪೆನ್ನನ್ನು ತೋರುಬೆರಳು ನಡುಬೆರಳಿನ ಸಂದಿಯಲ್ಲಿ ಸಿಕ್ಕಿಸಿಕೊಂಡ. ಅತ್ತಿಗೆಯ ಮುಖ ನೋಡಲಾಗದೆ ನಾನು ನೆಲ ನೋಡಿದೆ. ಅವನೂ ನಮ್ಮಿಬ್ಬರ ಮುಖ ತಪ್ಪಿಸಲೆಂದೇ ಇರಬೇಕು, ಗಾಜಿನ ಕಡೆ ತಿರುಗಿದ.

ಪೆನ್ನು ಕಾಗದದ ಮೇಲೆ ಊರಿದ್ದು ಊರಿದಂತೆಯೇ ನಿಂತಿತು.

"ಏನಾಯ್ತು?" ಎಂದ ಮ್ಯಾನೇಜರ್.

ಅಣ್ಣ ಗಾಜಿನಾಚೆಗೇ ನೋಡುತ್ತಿದ್ದ. ನಾನೂ ಅತ್ತ ನೋಡಿದೆ. ನೀಲಿ ಅಂಗಿಯವನು ಹಳೆಯ ಮಾಡೆಲಿನ ಏರ್‌ಗನ್ ಬಗ್ಗಿಸಿ, ಹೆಬ್ಬೆಟ್ಟಿನಿಂದ ಗುಂಡು ಒತ್ತಿ, ಹೊಡೆದ. ಅದನ್ನು ಪಕ್ಕಕ್ಕಿಟ್ಟು ಇನ್ನೊಂದನ್ನು ಎತ್ತಿಕೊಂಡ. ನಮ್ಮ ಮಾಡೆಲ್. ನಳಿಗೆ ಬಗ್ಗಿಸಿ ಮೇಜಿನ ಇಕ್ಕಳದಲ್ಲಿ ಬಿಗಿದ. ಬಿಗಿದು, ಉದ್ದ ಮೂತಿಯ ಚಿಮಟವೊಂದನ್ನು ತೆಗೆದುಕೊಂಡು, ಕೈಯನ್ನು ಆದಷ್ಟೂ ದೂರ ಇಟ್ಟು, ಅದರ ತುದಿಯಿಂದ ಗುಂಡನ್ನು ತೂತಿನೊಳಗೆ ತಳ್ಳಿದ. ನನಗೆ ಅದು ಅಚ್ಚುಕಟ್ಟಾದ ಕೆಲಸವೆನಿಸಿತು, ಇನ್ನೇನೂ ಅನಿಸಲಿಲ್ಲ. ಬಾಳೆಲ್ಲ ಗುಂಡು ತುಂಬಿದವನಿಗೆ ಅನಿಸಿತು.

"ಚಿಮಟ" ಎಂದ ಅಣ್ಣ.

"ಏನು?"

"ಅದಕ್ಕೆ ಬೆರಳು. ಇದಕ್ಕೆ ಚಿಮಟ." ಅವನ ದನಿ ಇನ್ನೂ ಮೆತ್ತಗಿತ್ತು. "ಅವನ್ಯಾಕೆ ಇದಕ್ಕೆ ಬೆರಳು ಹಾಕಲ್ಲ?"

ಮ್ಯಾನೇಜರ್ ತಿರುಗಿ ನೋಡಿದ, ಎದ್ದು ಹೋಗಿ ಗಾಜಿಗೆ ಪರದೆ ಎಳೆದ. ಆ ಪರದೆ ಎಳೆಯದಿದ್ದರೆ ಅಣ್ಣ ಸಹಿ ಹಾಕಿಬಿಡುತ್ತಿದ್ದನೋ ಏನೋ, ಅವನ ಗುಣ ನನಗೆ ಗೊತ್ತು.

"ಅದು... ಸ್ವಚ್ಛತೆಗೆ. ಕೈ ಬೆವರು ತಾಗ್ಬಾರ್ದು ಅಂತ."

"ಹಳೇದಕ್ಕೆ ಬೆವರು ತಾಗಬೌದಾ?"

"ನೋಡಿ, ಇದೆಲ್ಲ ತಾಂತ್ರಿಕ ವಿಷಯ, ನಿಮಗೆ..."

ಅತ್ತಿಗೆ ಹೊದಿಕೆ ಬಿಚ್ಚಿದಳು. ನಮ್ಮ ಏರ್‌ಗನ್ನನ್ನು ಮೇಜಿನ ಮೇಲೆ, ಅವನ ಕಾಗದಗಳ ಮೇಲೆಯೇ ಮಲಗಿಸಿ, ನಳಿಗೆ ಬಗ್ಗಿಸಿದಳು. ಕಟಕ್.

"ಎಷ್ಟೋ ಸಲ ನೋಡಿದೀವಿ, ಬಿಟ್ಕೊಳ್ಳಲ್ಲ ಅಂದ್ರಲ್ಲ? ನಾನು ನಳಿಗೆ ಹಿಡ್ಕೊಂಡಿದೀನಿ. ಟ್ರಿಗರ್ ಯಾರೂ ಮುಟ್ಟಲ್ಲ. ಇಲ್ಲಿ ನಿಮ್ಮ ಹೆಬ್ಬೆಟ್ಟಿಡಿ."

"ಏನಮ್ಮಾ ಇದು, ಹುಚ್ಚಾಟ!"

"ಹುಚ್ಚಾಟ ಯಾಕೆ? ಇದನ್ನ ಕೊಂಡೋರೆಲ್ಲ ಪ್ರತಿ ಗುಂಡಿಗೂ ಬೆರಳಿಡೋ ಜಾಗ ಇದು. ನೀವೇ ಕೊರೆದಿರೋ ತೂತು. ಒಂದೇ ಒಂದ್ಸಲ ಇಡಿ. ಇಟ್ರೆ ಈಗಿಂದೀಗ್ಲೇ ಸಹಿ ಹಾಕಿಸ್ತೀನಿ, ಬೇಕಾದ್ರೆ ನಂದೂ ಹಾಕ್ತೀನಿ."

ಮ್ಯಾನೇಜರನ ಕೈ ಮುಂದೆ ಬಂತು. ಧೈರ್ಯ ತೋರಿಸಲೆಂದೇ ಬಂದದ್ದು. ಗೇಣಳತೆಯಲ್ಲಿ ನಿಂತಿತು. ಹೆಬ್ಬೆರಳು ತಾನಾಗಿಯೇ ಮುಷ್ಟಿಯೊಳಗೆ ಮಡಚಿಕೊಂಡಿತು, ಆಮೆ ತಲೆ ಎಳೆದುಕೊಳ್ಳುತ್ತದಲ್ಲ, ಹಾಗೆ. ಅವನು ಕೈಯನ್ನು ಹಿಂದಕ್ಕೆ ತೆಗೆದು ಬೆನ್ನ ಹಿಂದೆ ಇಟ್ಟುಕೊಂಡ.

ಅಣ್ಣ ಅದನ್ನೇ ನೋಡುತ್ತಿದ್ದ. ಅವನ ಕುತ್ತಿಗೆ ಕೆಂಪಾಯಿತು, ಕಿವಿ ಕೆಂಪಾಯಿತು. ನನ್ನಣ್ಣ ಕೂಗಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

"ನಿಂಗೆ ಗೊತ್ತಿತ್ತು! ನಿಮ್ಮೋರಿಗೆಲ್ಲ ಗೊತ್ತಿತ್ತು! ನಿಮ್ಮೋರ ಬೆರಳಿಗೆ ಚಿಮಟ ಕೊಟ್ಟು ನನ್ನ ಬೆರಳಿಗೆ ಬೆವರಿನ ಕಥೆ ಹೇಳ್ತೀಯೇನೋ? ಮನೇಲಿ ಕೂತು ಛತ್ರಿ ಬಗ್ಗಿಸ್ತಿದ್ನಲ್ಲೋ ನಾನು! ನಂದೇ ತಪ್ಪು, ನಂದೇ ತಪ್ಪು ಅಂತ ಊರೆಲ್ಲ ಹೇಳ್ಕೊಂಡು ಬಂದ್ನಲ್ಲೋ!"

ಅತ್ತಿಗೆ ನಳಿಗೆಯನ್ನು ಹಿಡಿದುಕೊಂಡೇ, ಹುಷಾರಾಗಿ, ಮೆಲ್ಲಗೆ ಮುಚ್ಚಿದಳು. ಅಣ್ಣ ಆಗಲೇ ಹೊರಕೋಣೆಯಲ್ಲಿದ್ದ. ಜಡೆಯ ಹುಡುಗಿಯ ಮುಂದೆ ಬಗ್ಗಿ, ಗದರದೆ, "ಅದನ್ನ ಕೆಳಗಿಡು ಪುಟ್ಟಾ" ಎಂದ. ಆಮೇಲೆ ಎಲ್ಲರ ಮುಂದೆ ಬಲಗೈ ಎತ್ತಿ ಹಿಡಿದ.

"ನೋಡ್ಕೊಳ್ಳಿ. ಈ ಹೊಸ ಮಾಡೆಲ್ಲು ಮಾಡಿದ್ದು. ಒಳಗೆ ಇವರು ಅದಕ್ಕೆ ಚಿಮಟದಲ್ಲಿ ಗುಂಡು ಹಾಕ್ತಾರೆ. ನಮಗೆ ಮಾತ್ರ ಕೈ ಹಾಕಿ ಅಂತಾರೆ."

ತಾಯಿ ಮಗಳ ಎರಡೂ ಕೈಗಳನ್ನು ಹಿಡಿದುಕೊಂಡು ಬೆರಳು ಸವರಿ ಸವರಿ ನೋಡಿದಳು, ಎಲ್ಲ ಇವೆಯೇ ಎಂಬಂತೆ. ಮೇಷ್ಟ್ರು ಕನ್ನಡಕ ತೆಗೆದು ಎದ್ದು ನಿಂತರು. "ಒಳಗಿರೋ ಮಹಾಶಯ ಹೊರಗೆ ಬರ್ಬೇಕು" ಎಂದರು, ತರಗತಿಯ ದನಿಯಲ್ಲಿ.

ಮ್ಯಾನೇಜರ್ ಬಂದ. "ಆಯ್ತು, ಆಯ್ತು. ಸಹಿ ಬೇಡ. ಹೊಸ ಗನ್ ತಗೊಂಡು ಹೋಗಿ. ಬೇರೆ ಮಾಡೆಲ್ಲೇ ಕೊಡಿಸ್ತೀನಿ."

"ಗನ್ ಯಾರಿಗೆ ಬೇಕು? ನನ್ನ ತಪ್ಪಲ್ಲ ಅಂತ ಹೇಳು. ಇಲ್ಲೇ. ಇವರ ಮುಂದೆ."

"ಹಾಗೆ ಹೇಳೋ ಅಧಿಕಾರ ನಂಗಿಲ್ಲ."

"ನಂದೇ ತಪ್ಪು ಅಂತ ಹೇಳೋಕೆ ಇತ್ತಲ್ಲ?"

ಬೇಕರಿಯವನೂ "ಹೇಳ್ರೀ, ಹೇಳ್ರೀ" ಎಂದ. ಮ್ಯಾನೇಜರ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಚಿಲಕ ಜಡಿದ ಸದ್ದು ಕೇಳಿಸಿತು.

ನಾನು ಬಾಗಿಲು ಗುದ್ದಲು ಹೊರಟೆ. ಅಣ್ಣ ತಡೆದ. "ಅವನು ಹೇಳಿದ್ರೆಷ್ಟು ಬಿಟ್ರೆಷ್ಟು. ಅವನ ಕೈ ಹೇಳ್ತಲ್ಲ." ಅತ್ತಿಗೆ ಅವನನ್ನೇ ನೋಡಿದಳು. ಅವಳ ಕಣ್ಣು ತುಂಬಿತ್ತು, ಸಿಟ್ಟು ಮಾತ್ರ ಒಂದು ಚೂರೂ ಇಳಿದಿರಲಿಲ್ಲ.

"ಹಾಗಾದ್ರೆ ಮನೆಗೆ ನಡೀರಿ" ಎಂದಳು.

"ನೀವಿಬ್ರೂ ಹೋಗಿ. ನಾನು ಸಂಜೆ ಬರ್ತೀನಿ."

ಅವನು ಹೋಗಿ ಗೇಟಿನಲ್ಲಿ ನಿಂತ. ಕಾವಲುಗಾರ ಬಂದು "ಇಲ್ಲಿ ನಿಲ್ಲಂಗಿಲ್ಲ ಯಜಮಾನ್ರೇ" ಎಂದ. ಅಣ್ಣ ಗೇಟಿನಿಂದ ಎರಡು ಹೆಜ್ಜೆ ರಸ್ತೆಗೆ ಸರಿದು, "ಈ ರಸ್ತೆ ನಿಮ್ಮ ಸಾಹೇಬ್ರದಾ?" ಎಂದ. ಅಷ್ಟರಲ್ಲಿ ಉದ್ದನೆಯ ಪೆಟ್ಟಿಗೆ ಹೆಗಲಿಗೇರಿಸಿಕೊಂಡು ಒಬ್ಬ ಸ್ಕೂಟರಿನಿಂದ ಇಳಿದ. ಅಣ್ಣ ಬಲಗೈಯನ್ನೇ ಅಡ್ಡ ಹಿಡಿದು ಅವನನ್ನು ನಿಲ್ಲಿಸಿದ.

"ಸ್ವಾಮಿ, ಯಾವ ಮಾಡೆಲ್ಲು ನಿಮ್ದು?"