‘ಬುಡು’ ಅಂದರೆ ಯಾವುದು?

ಬೋರ್‌ವೆಲ್ ಕೊರೆಯುವ ಲಾರಿಯ ಹತ್ತಿರ ನಿಂತವರಿಗೆ ಒಂದು ವಿಷಯ ಗೊತ್ತಿರುತ್ತದೆ. ಅಲ್ಲಿ ಮಾತು ಕೇಳುವುದಿಲ್ಲ. ಕಂಪ್ರೆಸರ್ ಶುರುವಾದರೆ ಪಕ್ಕದವನ ಬಾಯಿ ಅಲ್ಲಾಡುವುದು ಕಾಣುತ್ತದೆ, ಅಷ್ಟೆ. ಹೇಳಿದ್ದರಲ್ಲಿ ಅರ್ಧ ಕಿವಿಗೆ ಬೀಳುತ್ತದೆ. ಉಳಿದ ಅರ್ಧವನ್ನು ಕೇಳಿದವನೇ ತುಂಬಿಕೊಳ್ಳುತ್ತಾನೆ.

ಕೋರದ ಚಂದ್ರು ಅಂಥದೊಂದು ಲಾರಿಯಲ್ಲಿ ಹೆಲ್ಪರ್. ಗುಬ್ಬಿಯ ಮುಜೀಬ್ ಅದೇ ಲಾರಿಯ ಆಪರೇಟರ್. ಲಿವರ್ ಹಿಡಿಯುವುದು ಮುಜೀಬ್, ನೆಲಕ್ಕಿಳಿಯುವ ಕಬ್ಬಿಣದ ರಾಡಿನ ಪಕ್ಕ ನಿಲ್ಲುವುದು ಚಂದ್ರು. ಇಬ್ಬರೂ ಹಳೆಯ ಸ್ನೇಹಿತರು. ಒಬ್ಬರ ಬುತ್ತಿಯನ್ನು ಇನ್ನೊಬ್ಬರು ಕೇಳದೆ ತೆಗೆದು ತಿನ್ನುವಷ್ಟು ಸಲಿಗೆ.

ಒಂದು ಶನಿವಾರ ಚಂದ್ರು ಸಂಜೆಗೆ ಮೊದಲೇ ಮನೆಗೆ ಬಂದ. ಬಲಗೈ ಹೆಬ್ಬೆರಳಿಗೆ ದಪ್ಪ ಬ್ಯಾಂಡೇಜು ಸುತ್ತಿತ್ತು. ಅವನ ತಾಯಿ ಸಿದ್ದಗಂಗಮ್ಮ ಮುದ್ದೆ ತಿರುವುವ ಕೋಲನ್ನು ಹಿಡಿದುಕೊಂಡೇ ಒಲೆಯ ಮುಂದಿನಿಂದ ಎದ್ದು ಬಂದರು.

“ಏನ್ಲಾ ಇದು?”

“ಏನಿಲ್ಲ, ಬುಡು.”

“ಬುಡು ಅಂದ್ರೆ ಬುಟ್ಬುಡ್ತೀನಾ? ಕೈ ತೋರ್ಸು ಇತ್ತ.”

“ಉಗುರು ಹೋಯ್ತದಂತೆ, ಆಮೇಲೆ ಬತ್ತದಂತೆ. ಡಾಕ್ಟ್ರು ಹೇಳವ್ರೆ. ಇನ್ನೊಂಚೂರು ಒಳಗಿದ್ದಿದ್ರೆ ಬೆರಳೇ ಇರ್ತಿರ್ಲಿಲ್ಲ ಅಂದ್ರು.”

ಕೊನೆಯ ಮಾತನ್ನು ಆಡಬಾರದಿತ್ತು ಎಂದು ಅವನಿಗೆ ಆಮೇಲೆ ಅನ್ನಿಸಿತು. ಹೆಂಡತಿ ಚೈತನ್ಯ ಆಗಷ್ಟೇ ಕೆಲಸದಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು. ಅವಳು ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ತಗಡು ಒತ್ತುವ ಮಿಷನ್ನಿನ ಮೇಲೆ ಕೆಲಸ ಮಾಡುತ್ತಾಳೆ. ಎಲ್ಲ ಕೇಳಿಸಿಕೊಂಡಳು.

ಊಟಕ್ಕೆ ಕುಳಿತಾಗ ತೊಂದರೆ ಗೊತ್ತಾಯಿತು. ಹೆಬ್ಬೆರಳಿಲ್ಲದೆ ಮುದ್ದೆ ಮುರಿಯಲು ಬರುವುದಿಲ್ಲ. ಎಡಗೈಯಲ್ಲಿ ಉಣ್ಣಲು ಮನಸ್ಸು ಒಪ್ಪುವುದಿಲ್ಲ. ಚಂದ್ರು ತಟ್ಟೆಯನ್ನೇ ನೋಡುತ್ತ ಕುಳಿತ. ಸಿದ್ದಗಂಗಮ್ಮ ಹತ್ತಿರ ಸರಿದು, ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ಅವನ ಬಾಯಿಗಿಟ್ಟರು. ಮೀಸೆ ಬಂದ ಮಗ ಕಣ್ಣು ತಗ್ಗಿಸಿಕೊಂಡು ನುಂಗಿದ.

ತಟ್ಟೆ ಎತ್ತಿದ ಮೇಲೆ ಚೈತನ್ಯ ಕೇಳಿದಳು. “ಹೆಂಗಾಯ್ತು ರೀ?”

“ರಾಡು ಬಿಚ್ಚೋವಾಗ ಅದ್ರ ಕುತ್ತಿಗೆಗೆ ದೊಡ್ಡ ಪಾನಾ ಕೊಟ್ಟು ಅಲ್ಲಾಡ್ದಂಗೆ ಹಿಡಿಸ್ಬೇಕು. ಅದು ಸರಿಯಾಗಿ ಕೂತ್ಮೇಲೆ ಮುಜೀಬ ಮಿಷನ್ ತಿರುಗಿಸ್ತಾನೆ. ಇವತ್ತು ಪಾನಾ ಕೂತಿರ್ಲಿಲ್ಲ. ನಾನು ಕೂಗ್ದೆ. ಅವನು ತಿರುಗಿಸ್ಬುಟ್ಟ. ಪಾನಾ ಬಂದು ಚೌಕಟ್ಟಿಗೆ ಹೊಡೀತು, ಮಧ್ಯದಲ್ಲಿ ನನ್ನ ಬೆರಳು.”

“ಕೂಗಿದ್ರೂ ತಿರುಗಿಸಿದ್ನಾ ಆ ಪುಣ್ಯಾತ್ಮ?” ಸಿದ್ದಗಂಗಮ್ಮನ ದನಿ ಏರಿತು. “ಬರ್ಲಿ ಅವನು, ಮಾಡ್ತೀನಿ.”

“ಅವನ್ನ ಬೈಬ್ಯಾಡ ಕಣವ್ವ. ಪಾಪ, ಆಸ್ಪತ್ರೇಲಿ ನನ್ಗಿಂತ ಜಾಸ್ತಿ ಬೆವೆತಿದ್ದ.”

ಮರುದಿನ ಭಾನುವಾರ ಮುಜೀಬ್ ತಾನಾಗಿಯೇ ಬಂದ. ಕೈಯಲ್ಲಿ ಬೇಕರಿಯ ಬೆಣ್ಣೆ ಬಿಸ್ಕತ್ತಿನ ಪೊಟ್ಟಣವಿತ್ತು. ಸಿದ್ದಗಂಗಮ್ಮ ಪೊಟ್ಟಣ ಇಸಿದುಕೊಂಡರು, ಮುಖ ಮಾತ್ರ ಬಿಗಿದೇ ಇತ್ತು.

“ಬಿಸ್ಕತ್ತು ತಂದ್ರೆ ಬೆರಳು ಬತ್ತದೇನಪ್ಪ ಮುಜೀಬ?”

“ಬೈಯಿರಿ ಅಮ್ಮ. ಬೈಸ್ಕೊಳ್ಳೋಕೇ ಬಂದಿದೀನಿ.”

“ಬೈಯೋದು ಇರ್ಲಿ, ತಿಂಡಿ ತಿನ್ಕಂಡು ಹೋಗೀವಂತೆ. ಡ್ರಮ್ಮಲ್ಲಿ ನೀರಿಲ್ಲ. ಇವನು ಪೈಪ್ ಹಿಡೀತಾನೆ, ನೀನು ಒಳಗ್ಹೋಗಿ ಮೋಟ್ರು ಹಾಕು.”

ಮುಜೀಬ್ ಒಳಗೆ ಹೋದ. ಮೋಟಾರಿನ ಸ್ವಿಚ್ಚು ಅಡುಗೆಮನೆಯ ಗೋಡೆಯಲ್ಲಿತ್ತು. ಚೈತನ್ಯ ಅಲ್ಲೇ ಮಿಕ್ಸಿಯಲ್ಲಿ ಚಟ್ನಿ ರುಬ್ಬುತ್ತಿದ್ದಳು. ಹೊರಗೆ ಚಂದ್ರು ಎಡಗೈಯಲ್ಲಿ ಪೈಪು ಹಿಡಿದು ಡ್ರಮ್ಮಿನ ಕಡೆ ಹೋಗುತ್ತಿದ್ದ. ಅಷ್ಟರಲ್ಲಿ ಸಿದ್ದಗಂಗಮ್ಮ ಒಣಗಿದ ಬಟ್ಟೆಗಳನ್ನು ಎದೆಗೆ ಅವುಚಿಕೊಂಡು ಸರಿಯಾಗಿ ಪೈಪಿನ ಎದುರಿಗೇ ಬಂದರು.

“ಬುಡು, ಬುಡು! ಮುಜೀಬ, ಬುಡು!” ಎಂದು ಚಂದ್ರು ಕೂಗಿದ.

ನೀರು ಭರ್ರನೆ ನುಗ್ಗಿತು. ಸಿದ್ದಗಂಗಮ್ಮ, ಅವರ ಸೀರೆ, ಒಣಗಿದ ಬಟ್ಟೆ ಎಲ್ಲವೂ ಒಟ್ಟಿಗೆ ನೆಂದವು.

“ಅಯ್ಯೋ ನಿಮ್ ಮನೆ ಕಾಯೋಗ! ನಿನ್ನೆ ಬೆರಳು ಆಯ್ತು, ಇವತ್ತು ನನ್ನ ಮುಳುಗಿಸ್ತಿದೀರಾ?”

ಚಂದ್ರು ಅಂಗಳದಲ್ಲೇ ಬಗ್ಗಿ ನಗತೊಡಗಿದ. ಒಳಗಿನಿಂದ ಓಡಿ ಬಂದ ಮುಜೀಬ್ ಅವರ ಅವತಾರ ನೋಡಿ ನಗಬೇಕೋ ಬೇಡವೋ ತಿಳಿಯದೆ ನಿಂತ. ಚೈತನ್ಯ ಮಿಕ್ಸಿ ನಿಲ್ಲಿಸಿ, ಮೋಟಾರು ಆರಿಸಿ ಹೊರಗೆ ಬಂದಳು. ಅವಳು ನಗುತ್ತಿರಲಿಲ್ಲ.

“ಮುಜೀಬಣ್ಣ, ನಿಮಗೇನು ಕೇಳಿಸ್ತು?”

“ಬುಡು ಅಂದ ಕಣಮ್ಮ. ನೀರು ಬಿಡು ಅಂತ. ಬಿಟ್ಟೆ.”

“ರೀ, ನೀವೇನಂದ್ರಿ?”

“ಅವ್ವ ಅಡ್ಡ ಬಂದ್ಲು. ಇರ್ಲಿ, ಹಾಕ್ಬ್ಯಾಡ ಅನ್ನೋಕೆ ಬುಡು ಅಂದೆ.”

“ನಿನ್ನೆ ರಾಡ್ ಹತ್ರ ಏನಂತ ಕೂಗಿದ್ರಿ?”

ಚಂದ್ರುವಿನ ನಗು ನಿಂತಿತು. ಮುಜೀಬನೂ ಅವನನ್ನು ನೋಡಿದ.

“ಬುಡು ಅಂತ,” ಎಂದ ಚಂದ್ರು ಮೆಲ್ಲಗೆ.

ಅದೇ ಮಾತು. ಚಂದ್ರುವಿನ ಬಾಯಲ್ಲಿ ಅದು ‘ಬೇಡ, ತಡಿ’. ಮುಜೀಬನ ಕಿವಿಯಲ್ಲಿ ಅದು ‘ಓಡಿಸು’. ನಮ್ಮ ಕಡೆ ನೀರು ಹಾಯಿಸು ಎನ್ನುವುದಕ್ಕೂ ಬುಡು, ಬೇಡ ಎನ್ನುವುದಕ್ಕೂ ಬುಡು. ಮನೆಯಲ್ಲಾದರೆ ಮುಖ ನೋಡಿ ಅರ್ಥ ಮಾಡಿಕೊಳ್ಳುತ್ತೇವೆ. ಆ ಸದ್ದಿನಲ್ಲಿ ಮುಖ ನೋಡುವಷ್ಟು ಯಾರೂ ತಡೆದಿರಲಿಲ್ಲ.

“ನಾನು ನಿನ್ನ ಕಡೆ ನೋಡ್ಲೇ ಇಲ್ಲ ಕಣೋ,” ಎಂದ ಮುಜೀಬ್. “ಕೇಳಿಸ್ತು, ಲಿವರ್ ಎಳೆದೆ.”

ತಿಂಡಿ ತಿನ್ನುವಾಗ ಚೈತನ್ಯ ತನ್ನ ಮಿಷನ್ನಿನ ಸಂಗತಿ ಹೇಳಿದಳು. “ನಮ್ಮ ಮಿಷನ್ಗೆ ಎರಡು ಗುಂಡಿ ಇರ್ತಾವೆ, ಒಂದು ಈ ಕಡೆ, ಒಂದು ಆ ಕಡೆ. ಎರಡು ಕೈಯಲ್ಲೂ ಎರಡು ಗುಂಡಿ ಒತ್ತಿದ್ರೇನೇ ಮೇಲಿಂದು ಕೆಳಕ್ಕೆ ಬರೋದು. ಒಂದು ಕೈ ಒಳಗಿದ್ರೆ ಅದು ಅಲ್ಲಾಡೋದೇ ಇಲ್ಲ. ಯಾಕೆ ಹೇಳಿ? ಕೈ ಎಲ್ಲಿದೆ ಅಂತ ಮಿಷನ್ಗೆ ಗೊತ್ತಾಗ್ಬೇಕು.”

“ನಮ್ಮ ಲಾರಿಗೆ ಅಂಥ ಗುಂಡಿ ಎಲ್ಲೈತೆ?” ಎಂದ ಚಂದ್ರು.

“ಮುಜೀಬಣ್ಣನ ಕಣ್ಣೈತಲ್ಲ. ಪಾನಾ ಕೂರ್ಸಿ, ಹಿಂದಕ್ಕೆ ಬಂದು, ಎರಡೂ ಕೈ ಮೇಲೆತ್ತಿ ತೋರ್ಸಿ. ಎರಡು ಅಂಗೈನೂ ಕಂಡ್ಮೇಲೇನೇ ಅವರು ಲಿವರ್ ಮುಟ್ಲಿ. ಬಾಯಿ ಮಾತೇ ಬ್ಯಾಡ.”

ಚಂದ್ರು ನಕ್ಕ. “ಪೊಲೀಸ್ರ ಮುಂದೆ ಕಳ್ಳ ನಿಂತಂಗೆ ನಿಂತ್ಕಬೇಕಾ? ಜಮೀನಿನೋರೆಲ್ಲ ನೋಡ್ತಿರ್ತಾರೆ ಕಣೇ. ಇಷ್ಟು ವರ್ಷ ಕೆಲಸ ಮಾಡಿ ಈಗ ಕೈ ಎತ್ತು ಅಂದ್ರೆ?”

“ಹೂಂ, ಜನ ಆಡ್ಕತಾರೆ,” ಎಂದು ಸಿದ್ದಗಂಗಮ್ಮನೂ ಒದ್ದೆ ತಲೆ ಒರೆಸಿಕೊಳ್ಳುತ್ತ ದನಿಗೂಡಿಸಿದರು. “ಗಂಡುಸ್ರು ಕೆಲಸ ಮಾಡೋ ತಾವ ಇದೆಲ್ಲ ಆಗ್ತದೇನವ್ವ?”

“ಅತ್ತೆ, ನಿನ್ನೆ ನೀವು ತುತ್ತು ಕೊಟ್ರಿ. ಇವತ್ತೂ ಕೊಡ್ತೀರಿ. ಇವರ ಕೈಯೇ ಹೋಗಿದ್ರೆ?” ಚೈತನ್ಯ ಗಂಡನ ಕಡೆ ತಿರುಗಿದಳು. “ಇದಕ್ಕೆ ಒಪ್ಪಿದ್ರೆ ಗಾಯ ವಾಸಿಯಾದ್ಮೇಲೆ ಹೋಗಿ. ಇಲ್ಲಾಂದ್ರೆ ಆ ಲಾರಿ ಹತ್ರ ಹೋಗೋದೇ ಬ್ಯಾಡ.”

ಮೊದಲು ಒಪ್ಪಿದವನು ಮುಜೀಬ್. “ನಾನು ಮಾಡ್ತೀನಿ. ಇವನ ಎರಡು ಕೈ ಕಾಣೋವರೆಗೂ ಲಿವರ್ ಮುಟ್ಟಲ್ಲ. ‘ನಿಲ್ಸು’ ಅನ್ನೋಕೆ ಎರಡು ತೋಳು ಎದೆ ಮುಂದೆ ಅಡ್ಡ ಹಿಡೀಬೇಕು. ಅದನ್ನ ಯಾರು ತೋರಿಸಿದ್ರೂ ನಿಲ್ಲಿಸ್ತೀನಿ, ಆಮೇಲೆ ಯಾಕೆ ಅಂತ ಕೇಳ್ತೀನಿ.” ಹೇಳುತ್ತ ಹೇಳುತ್ತ ಅವನಿಗೇ ಇನ್ನಷ್ಟು ನೆನಪಾಯಿತು. “ಚಂದ್ರು, ನಿನ್ನ ಕುತ್ತಿಗೇಲಿ ಯಾವಾಗ್ಲೂ ಆ ಟವೆಲ್ಲು ಒಂದು ನೇತಾಡ್ತಿರ್ತದೆ. ತಿರುಗೋ ರಾಡ್ಗೆ ಅದರ ತುದಿ ಸುತ್ಕಂಡ್ರೆ ಬಿಡಿಸ್ಕೊಳ್ಳೋಕೆ ಟೈಮೇ ಇರಲ್ಲ. ಲುಂಗಿನೂ ಬೇಡ. ಹೆಲ್ಮೆಟ್ಟು, ಬೂಟು, ಕಿವಿಗೆ ಹಾಕೋದು, ಧೂಳಿಗೆ ಮಾಸ್ಕು, ಇಬ್ಬರೂ ಹೋಗಿ ಮಾಲೀಕರನ್ನ ಕೇಳಾಣ. ಕೊಡ್ಲೇಬೇಕು ಅವರು.”

“ಆಯ್ತು ಬುಡು,” ಎಂದ ಚಂದ್ರು.

ಮೂವರೂ ಅವನನ್ನೇ ನೋಡಿದರು.

“ಆಯ್ತು ಅಂದೆ ಕಣ್ರಪ್ಪ, ಆಯ್ತು!”

ಗಾಯ ವಾಸಿಯಾಗಿ, ಮಾಲೀಕರಿಂದ ಹೆಲ್ಮೆಟ್ಟು, ಬೂಟು ಎಲ್ಲ ಬಂದ ಮೇಲೆ ಹುತ್ರಿದುರ್ಗದ ಹತ್ತಿರ ದ್ಯಾವಪ್ಪ ಎಂಬ ರೈತರ ಹೊಲದಲ್ಲಿ ಕೊರೆಯುವ ಕೆಲಸ ಬಂತು. ಮುಜೀಬ್ ಲಾರಿ ನಿಲ್ಲಿಸಿದವನೇ ಮೊದಲು ತಲೆ ಎತ್ತಿ ನೋಡಿದ. ಮೇಲೆ ಕರೆಂಟಿನ ತಂತಿ ಹಾದುಹೋಗಿತ್ತು. ಲಾರಿಯ ಕಂಬ ಎತ್ತಿದರೆ ಅದಕ್ಕೆ ಹತ್ತಿರವಾಗುತ್ತಿತ್ತು. ಆ ಜಾಗ ಬಿಟ್ಟು ತಂತಿಯಿಂದ ದೂರ ಬೇರೆ ಜಾಗ ತೋರಿಸಿ ಎಂದ. ದ್ಯಾವಪ್ಪ ಗೊಣಗಿದರು. “ಪೂಜೆ ಮಾಡಿದ್ದು ಇಲ್ಲಿ ಕಣಪ್ಪ.” ಗೊಣಗುತ್ತಲೇ ತೆಂಗಿನಕಾಯಿ, ಊದುಬತ್ತಿ ಎತ್ತಿಕೊಂಡು ಆಚೆ ನಡೆದರು. ಚಂದ್ರು ಸುತ್ತ ಹಗ್ಗ ಕಟ್ಟಿ, ಹಗ್ಗದಿಂದ ಈಚೆ ಯಾರೂ ಬರಬಾರದು ಎಂದ. ಗಾಳಿಯ ಪೈಪಿನ ಜಾಯಿಂಟುಗಳಿಗೆ ಸರಪಳಿ ಬಿಗಿದಿದೆಯೇ ಎಂದು ಎಳೆದು ನೋಡಿದ. ಕಳಚಿದ ಪೈಪು ಹಾವಿನಂತೆ ಎದ್ದು ಹೊಡೆಯುತ್ತದೆ.

ಮಧ್ಯಾಹ್ನದ ಹೊತ್ತಿಗೆ ಬೂದು ಧೂಳು ಹೋಗಿ ಕೆಸರು ಬಂತು. ತೇವ ಕಂಡ ದ್ಯಾವಪ್ಪನವರ ಆಸೆ ಹೆಚ್ಚಿತು. ಇನ್ನೊಂದು ರಾಡು ಸೇರಿಸಲು ಮುಜೀಬ್ ಮಿಷನ್ ನಿಲ್ಲಿಸಿದ. ಕಂಪ್ರೆಸರ್ ಮಾತ್ರ ಮೊರೆಯುತ್ತಲೇ ಇತ್ತು. ಚಂದ್ರು ಬಗ್ಗಿ ರಾಡಿಗೆ ಪಾನಾ ಕೊಟ್ಟ. ಅದರ ಬಾಯಿಯಲ್ಲಿ ಕಲ್ಲಿನ ಚೂರೊಂದು ಸಿಕ್ಕಿಕೊಂಡಿತ್ತು. ಅದನ್ನು ಬೆರಳಿನಿಂದ ಕೆದಕಿ ತೆಗೆಯುತ್ತಿದ್ದ.

“ಬುಡು! ಇನ್ನೊಂದು ರಾಡು ಬುಡು! ಬುಡಪ್ಪ, ಬುಡು!” ದ್ಯಾವಪ್ಪ ಹಗ್ಗದ ಆಚೆಯಿಂದ ಕೂಗಿದರು.

ಸದ್ದಿನಲ್ಲಿ ಮುಜೀಬನಿಗೆ ಕೇಳಿಸಿದ್ದು ಒಂದೇ ಮಾತು, ‘ಬುಡು’. ಯಾರದೆಂದು ತಿಳಿಯಲಿಲ್ಲ. ಅವನ ಕೈ ಲಿವರಿನ ಮೇಲೆ ಹೋಯಿತು. ಆಮೇಲೆ ಅವನು ನೋಡಿದ. ಚಂದ್ರುವಿನ ಹೆಲ್ಮೆಟ್ಟು ಕಾಣುತ್ತಿತ್ತು, ಬೆನ್ನು ಕಾಣುತ್ತಿತ್ತು. ಕೈಗಳು ಕಾಣುತ್ತಿರಲಿಲ್ಲ.

ಮುಜೀಬ್ ಲಿವರಿನಿಂದ ಕೈ ತೆಗೆದು ಸುಮ್ಮನೆ ನಿಂತ. ದ್ಯಾವಪ್ಪ ಮತ್ತೆ ಕೂಗಿದರು. ಅವನು ಅಲ್ಲಾಡಲಿಲ್ಲ.

ಕಲ್ಲು ಹೊರಬಂತು. ಚಂದ್ರು ಪಾನಾ ಕೂರಿಸಿ, ಎದ್ದು, ಹಿಂದಕ್ಕೆ ಸರಿದು ಎರಡೂ ಅಂಗೈ ಮೇಲೆತ್ತಿದ. ಬಲ ಹೆಬ್ಬೆರಳಿನ ತುದಿಯಲ್ಲಿ ಹೊಸ ಉಗುರು ಅರ್ಧ ಬೆಳೆದಿತ್ತು. ಮುಜೀಬ್ ತಲೆಯಾಡಿಸಿ ಲಿವರ್ ಎಳೆದ.

ಆ ರಾಡಿನಲ್ಲೇ ನೀರು ಸಿಕ್ಕಿತು. ದ್ಯಾವಪ್ಪ ಸಂಪ್ರದಾಯದಂತೆ ಹೆಲ್ಪರನ ಕುತ್ತಿಗೆಗೆ ಹಾಕಲು ಹೊಸ ಟವೆಲ್ಲು ಹಿಡಿದು ಓಡಿ ಬಂದರು. ಮುಜೀಬ್ ತೋಳುಗಳನ್ನು ಅಡ್ಡ ಹಿಡಿದು ಹಗ್ಗದ ಬಳಿಯೇ ಅವರನ್ನು ನಿಲ್ಲಿಸಿದ. ಎಲ್ಲವನ್ನೂ ಆರಿಸಿದ ಮೇಲೆಯೇ ಒಳಗೆ ಕರೆದ. ಕಂಪ್ರೆಸರ್ ನಿಂತಾಗ ಅದುವರೆಗೆ ಎಲ್ಲಿತ್ತೋ ಎನ್ನುವಂಥ ಮೌನ ಹೊಲವನ್ನು ತುಂಬಿತು. ದ್ಯಾವಪ್ಪನವರ ಮಾತು ಈಗ ಪೂರ್ತಿ ಕೇಳಿಸಿತು.

“ಅಲ್ಲ ಕಣಪ್ಪ, ಗಂಟಲು ಹರಿಯೋ ಹಂಗೆ ಕೂಗಿದ್ರೂ ಕಲ್ಲಿನಂಗೆ ನಿಂತಿದ್ದೆಯಲ್ಲ, ಕೇಳಿಸ್ಲಿಲ್ವಾ?”

“ಕೇಳಿಸ್ತು ಯಜಮಾನ್ರೇ,” ಎಂದ ಮುಜೀಬ್. “ಇವನ ಕೈ ಕಾಣಿಸ್ಲಿಲ್ಲ.”

ದ್ಯಾವಪ್ಪ ಚಂದ್ರುವಿನ ಕೈ ನೋಡಿದರು, ಪಾನಾ ನೋಡಿದರು. ಟವೆಲ್ಲನ್ನು ಕುತ್ತಿಗೆಗೆ ಹಾಕದೆ, ಮಡಿಸಿ, ಆ ಕೈಗಳಲ್ಲೇ ಇಟ್ಟರು. ಮುಜೀಬ್ ಕೊಳವೆಬಾವಿಯ ಬಾಯಿಗೆ ಮುಚ್ಚಳ ಬಿಗಿದ ಮೇಲೆಯೇ ಲಾರಿ ಹೊರಟಿತು.

ಮನೆಗೆ ಬಂದಾಗ ಸಿದ್ದಗಂಗಮ್ಮ ಒಲೆ ಮುಂದಿನಿಂದಲೇ ಕೇಳಿದರು. “ಏನಾಯ್ತ್ಲಾ ಇವತ್ತು?”

‘ಏನಿಲ್ಲ, ಬುಡು’ ಎನ್ನುವ ಮಾತು ಚಂದ್ರುವಿನ ನಾಲಿಗೆಯ ತನಕ ಬಂತು. ಅವನು ಅದನ್ನು ಅಲ್ಲೇ ತಡೆದು, ಹೊಸ್ತಿಲಲ್ಲಿ ನಿಂತು ಎರಡೂ ಕೈಗಳನ್ನು ಮೇಲೆತ್ತಿದ. ಸಿದ್ದಗಂಗಮ್ಮ ಕೋಲು ಕೆಳಗಿಟ್ಟು ಆ ಕೈಗಳನ್ನು ನೋಡಿದರು.

“ಸರಿ. ತೊಳ್ಕಂಡು ಬಾ, ಮುದ್ದೆ ಆರ್ತದೆ.”

ಮುದ್ದೆಯನ್ನು ಅವನು ತಾನೇ ಮುರಿದು ಉಂಡ.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯವರು ಬೋರ್ ಲಾರಿಯಲ್ಲಿ ಕೆಲಸ ಮಾಡುತ್ತಿದ್ದರೆ ಇವತ್ತೇ ಒಂದು ಮಾತು ಕೇಳಿ: “ನಿಮ್ಮ ಲಾರಿಯಲ್ಲಿ ‘ನಿಲ್ಲಿಸು’ ಎನ್ನುವುದಕ್ಕೆ ಕೈಸನ್ನೆ ಯಾವುದು?” ಉತ್ತರ ಬಾರದಿದ್ದರೆ, ನಾಳೆ ಕೆಲಸ ಶುರುವಾಗುವ ಮೊದಲು ಎಲ್ಲರೂ ನಿಂತು ಅದನ್ನು ಗೊತ್ತುಮಾಡಿಕೊಳ್ಳಲಿ. ನೀವೇ ಆಪರೇಟರ್ ಆಗಿದ್ದರೆ, ಹೆಲ್ಪರನ ಎರಡು ಕೈ ಕಾಣದೆ ಲಿವರ್ ಮುಟ್ಟಬೇಡಿ. ನಿಮ್ಮ ಹೊಲದಲ್ಲಿ ಕೊರೆಸುತ್ತಿದ್ದರೆ, ಹಗ್ಗದ ಆಚೆ ನಿಲ್ಲಿ, ಕೂಗಬೇಡಿ, ಟವೆಲ್ಲು ಮಿಷನ್ ನಿಂತ ಮೇಲೆ ಕೊಡಿ. ಯಾರಿಗಾದರೂ ಪೆಟ್ಟಾದರೆ ಮೊದಲು ಮಿಷನ್ ಆರಿಸಿ, ತಕ್ಷಣ 108ಕ್ಕೆ ಕರೆ ಮಾಡಿ.

ಇಷ್ಟೆಲ್ಲ ಯಾಕೆ ಎಂದು ಯಾರಾದರೂ ಕೇಳಬಹುದು. ಏನಾಗುತ್ತದೆ ಬುಡು ಎನ್ನಬಹುದು. ಆಗ ಅವರ ಎರಡು ಕೈಗಳನ್ನು ಒಮ್ಮೆ ಅವರಿಗೇ ತೋರಿಸಿ.